ಕಣ್ಣು ಕಟ್ಟಿಕೊಂಡು ಕಟ್ಟಿದ ಟ್ಯಾಂಕು

ಸೈನ್ಯವಿಲ್ಲದೆ ಮನೆ ತುಂಬ ಯುದ್ಧಟ್ಯಾಂಕು ಇಟ್ಟುಕೊಂಡ ಮನುಷ್ಯ ಇಡೀ ಹಾಲೆಂಡಿನಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು! ಗಾಬರಿ ಬೀಳಬೇಡಿ, ಅಂಗೈ ಮೇಲೆ ಕೂರುವಂಥವು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾಡುವ ಮಾದರಿಗಳು. ಉಳಿದವರಿಗೆ ಬಣ್ಣ ಬಳಿದು ಶೋಕೇಸಿಗೆ ಏರಿಸಿದರೆ ಕೆಲಸ ಮುಗಿಯಿತು. ಭಾವನಿಗೆ ಅಲ್ಲಿಂದ ಶುರು!

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಮೈಸೂರಿನವರು, ಮದುವೆಯ ಗೋಜಿಗೆ ಹೋಗದವರು. ಯುಟ್ರೆಕ್ಟಿನಲ್ಲಿ ಹಗಲೆಲ್ಲ ಹಳೇ ಕಂಪ್ಯೂಟರುಗಳಿಗೆ ‘ಎರಡು ಸಾವಿರದ ಇಸವಿ ಬರ್ತಾ ಇದೆ, ಹೆದರಬೇಡಿ’ ಎಂದು ಬುದ್ಧಿ ಹೇಳುವ ಉದ್ಯೋಗ. ಸಂಜೆಯಾದರೆ ಟ್ಯಾಂಕಿನ ಮೈ. ಅಸಲಿ ಟ್ಯಾಂಕಿನ ಮೈ ನುಣ್ಣಗಿರುವುದಿಲ್ಲವಂತೆ. ಎರಕ ಹೊಯ್ದ ಕಡೆ ಕಿತ್ತಳೆ ಸಿಪ್ಪೆಯಂತೆ ತರಿತರಿ, ಬೆಸುಗೆಯ ಕಡೆ ಎರೆಹುಳು ಮಲಗಿದಂತೆ ಉಬ್ಬು, ಕಾಲಿಟ್ಟು ಹತ್ತುವ ಕಡೆ ಮರಳು. ತರಿಗೆ ಪುಟ್ಟಿ ಮೆತ್ತಿ ಹಲ್ಲುಜ್ಜುವ ಬ್ರಷ್ಷಿನಿಂದ ಕುಟ್ಟುವುದು. ಮರಳಿಗೆ ಚಿರೋಟಿ ರವೆ. ಚಕ್ರದ ಕೆಸರಿಗೆ ರಾಗಿಹಿಟ್ಟು!

ಹೌದು ಸ್ವಾಮಿ, ರಾಗಿಹಿಟ್ಟು. ಊರಿಂದ ಬರುವವರ ಕೈಕಾಲು ಹಿಡಿದು ನಾವು ತರಿಸಿದ ಹಿಟ್ಟು. ಇಲ್ಲಿಯ ತೇವಕ್ಕೆ ಅದು ಸುಮ್ಮನಿರುತ್ತದೆಯೇ? ವಾರ ಕಳೆಯುವುದರೊಳಗೆ ಟ್ಯಾಂಕಿಗೆ ಹಸಿರು ಗಡ್ಡ! ಭಾವ ಬಿಸಾಕಲು ಹೊರಟಿದ್ದರು. ನಾನು ಕಿತ್ತುಕೊಂಡು ಹಳೇ ಸಾಮಾನಿನ ಸಂತೆಗೆ ಒಯ್ದು, ‘ಇದು ಕಾಡಿನೊಳಗೆ ಸಿಕ್ಕಿಬಿದ್ದ ಟ್ಯಾಂಕು’ ಎಂದೆ. ಒಬ್ಬ ಡಚ್ ಮಹಾಶಯ ಕಣ್ಣರಳಿಸಿ ಕೊಂಡುಹೋದ. ಕಂಪ್ಯೂಟರ್ ಬಿಡಿಭಾಗ ಮಾರಿಕೊಂಡೇ ಈ ದೇಶದಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ನನ್ನ ಮಾತು ಕೇಳಿ: ಮಾಲಿನ ಕೊರತೆಯನ್ನು ಯಾವತ್ತೂ ಮುಚ್ಚಬೇಡಿ, ಅದಕ್ಕೊಂದು ಕಥೆ ಕಟ್ಟಿ.

ಆದರೆ ಭಾವ ಟ್ಯಾಂಕು ಮಾಡುತ್ತಿದ್ದುದು ಸಂತೆಗಲ್ಲ, ಒಬ್ಬರೇ ಒಬ್ಬ ಗಿರಾಕಿಗೆ. ಅವರು ನಮ್ಮ ಮಾವ.

ಮಾವ ಸೈನ್ಯದಲ್ಲಿ ಟ್ಯಾಂಕು ಓಡಿಸಿದವರು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿತ್ತು. ಅತ್ತೆ ತೀರಿಕೊಂಡ ಮೇಲೆ ಭಾವ ಅವರನ್ನು ಇಲ್ಲಿಗೆ ಕರೆತಂದರು. ಬಂದ ದಿನದಿಂದ ಮಾವ ಒಂದು ಮಾತೂ ಆಡಲಿಲ್ಲ. ಊಟ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಇಲ್ಲಿಯ ಡಾಕ್ಟರು ಎಲ್ಲದಕ್ಕೂ ಕೊಡುವ ಪ್ಯಾರಸಿಟಮಾಲನ್ನೇ ಇದಕ್ಕೂ ಕೊಟ್ಟರು. ಕಣ್ಣಿಲ್ಲದವರನ್ನು ಕೈಯಿಂದಲೇ ಮಾತಾಡಿಸಬೇಕೆಂದು ಭಾವನಿಗೆ ಹೊಳೆದದ್ದು ಆಗ. ತಮ್ಮ ಟ್ಯಾಂಕು ಸಿಕ್ಕಿದರೆ ಅಪ್ಪ ಒಂದು ಮಾತಾದರೂ ಆಡಿಯಾರು! ಭಾವ ಚಿಕ್ಕವರಿದ್ದಾಗ ಮರಳುಗಾಡಿನ ಕಂಟೋನ್ಮೆಂಟಿನಲ್ಲಿ ಅಪ್ಪ ಒಮ್ಮೆ ಅವರನ್ನು ಆ ಟ್ಯಾಂಕಿನ ಪಕ್ಕ ನಿಲ್ಲಿಸಿದ್ದರಂತೆ.

“ಕಣ್ಣು ಸುಳ್ಳು ಹೇಳತ್ತೆ ಭಾವ. ಕೈಗೆ ನೆನಪಿದೆ,” ಎಂದರು ನನಗೆ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಹಾಗೆಂದು ಅಪ್ಪನ ಹಳೇ ಮಫ್ಲರನ್ನು ಕಣ್ಣಿಗೆ ಕಟ್ಟಿಕೊಂಡೇ ಕೆಲಸಕ್ಕೆ ಕೂತರು!

ಈ ದೇಶದಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಭಾವ ಎಳೆದರು. ಕೆಲವೇ ದಿನಕ್ಕೆ ಪಕ್ಕದ ಮನೆಯ ಡಚ್ ಅಜ್ಜಿ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದಳು: “ಆ ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಯೆ?”

“ಇಲ್ಲ ತಾಯಿ, ಯಾಕೆ?”

“ಸಂದಿಯಿಂದ ನೋಡಿದೆ. ಇಬ್ಬರು ಎದುರುಬದುರು ಕೂತು ಏನನ್ನೋ ಸವರುತ್ತಿದ್ದರು. ದೀಪವಿಲ್ಲ.”

ಕಣ್ಣು ಕಟ್ಟಿಕೊಂಡವನಿಗೆ, ಕಣ್ಣಿಲ್ಲದವನಿಗೆ ದೀಪ ಯಾಕೆ? ಕರೆಂಟು ಉಳಿತಾಯ ಎಂದು ನಗಿಸಿ ಕಳಿಸಿದೆ. ಆದರೆ ನವೆಂಬರಿನ ಆ ಮಬ್ಬು ಮಧ್ಯಾಹ್ನ ನಾನೇ ಒಳಗೆ ಕಾಲಿಟ್ಟಾಗ ನಗು ಬರಲಿಲ್ಲ. ಬಾಗಿಲು ಕಿರ್ ಎಂದೊಡನೆ ಎರಡು ಮುಖಗಳೂ ಒಟ್ಟಿಗೆ ನನ್ನತ್ತ ತಿರುಗಿದವು. ಒಂದಕ್ಕೆ ಮಫ್ಲರು, ಇನ್ನೊಂದಕ್ಕೆ ಬಿಳಿಗಣ್ಣು. ಮೇಜಿನ ಮೇಲಿದ್ದ ಟ್ಯಾಂಕುಗಳ ಕೊಳವೆಗಳೂ ನನ್ನ ಕಡೆಗೇ! ಕಳೆದ ಸಲ ಕಿಟಕಿಯ ಕಡೆ ಇದ್ದವಲ್ಲ ಇವು?

“ಯಾರು ತಿರುಗಿಸಿದ್ದು ಭಾವ?”

“ನಾನಲ್ಲ. ಅಪ್ಪನೂ ಅಲ್ಲ, ಅವರು ಕುರ್ಚಿ ಬಿಟ್ಟು ಏಳೋದೇ ಇಲ್ಲ. ಚಪ್ಪಲಿ ಹೊರಗೆ ಬಿಡಿ.”

ಮಾವನ ಪರೀಕ್ಷೆ ಇನ್ನೂ ಭಯಂಕರ. ಹೊಸ ಟ್ಯಾಂಕನ್ನು ಮಡಿಲಲ್ಲಿಟ್ಟರೆ ಬೆರಳುಗಳು ಜೇಡದಂತೆ ಹರಿದು, ತರಿ, ಬೆಸುಗೆ, ಮರಳು ದಾಟಿ, ಮೇಲಿನ ಮುಚ್ಚಳದ ಹತ್ತಿರ ನಿಲ್ಲುತ್ತಿದ್ದವು. ಉಗುರಿನಿಂದ ಟಕಟಕ ಬಡಿದು, ಒಳಗಿನವರು ಓಗೊಡಬೇಕು ಎಂಬಂತೆ ಕಿವಿ ಹಚ್ಚಿ ಕಾಯುತ್ತಿದ್ದರು. ಆಮೇಲೆ ಮಾತಿಲ್ಲದೆ ಟ್ಯಾಂಕನ್ನು ಪಕ್ಕಕ್ಕೆ ತಳ್ಳುವುದು. ಫೇಲು! ಫೇಲಾದದ್ದು ನನ್ನ ಸಂತೆಗೆ.

ಡಿಸೆಂಬರಿನ ಹೊತ್ತಿಗೆ ಭಾವ ಇಳಿದುಹೋಗಿದ್ದರು. “ಅಣ್ಣ, ಸಾಕು ಬಿಡೋ. ಅಪ್ಪಂಗೆ ನಾವ್ಯಾರೂ ಬೇಡ,” ಎಂದು ನನ್ನ ಹೆಂಡತಿ ಅತ್ತಳು. ಭಾವ ಕೇಳಿಸಿಕೊಳ್ಳದವರಂತೆ, “ಇದೇ ಕೊನೇದು,” ಎಂದು ಇನ್ನೊಂದನ್ನು ಮಾಡಿದರು. ಆ ಭಾನುವಾರ ಅದರ ಬಣ್ಣ ಇನ್ನೂ ಅಂಟಂಟು. ಫೇಲಾಗುವುದು ಖಾತ್ರಿ, ಸಂತೆಗೆ ತಡವಾಗಬಾರದು ಎಂದು ನಾನು ಅದನ್ನು ಕಿಟಕಿಯ ಕೆಳಗಿನ ಹೀಟರಿನ ಮೇಲೆ ಒಣಗಲು ಇಟ್ಟೆ. ಮಾಮೂಲಿಯಾಗಿ ನಾನು ಹೀಟರು ಮುಟ್ಟುವವನಲ್ಲ. ‘ಗುಂಡಿ ಇಳಿಸಿ, ಎರಡು ಸ್ವೆಟರ್ ಹಾಕಿ’ ಎಂಬುದು ಊರಿಂದ ಬಂದವರಿಗೆಲ್ಲ ನಾನು ಕೊಡುವ ಮೊದಲ ಸಲಹೆ. ಅವತ್ತು ಪೂರ್ತಿ ತಿರುಗಿಸಿದೆ.

“ಅಯ್ಯೋ, ಪ್ಲಾಸ್ಟಿಕ್ಕು! ಬೆಂಡಾಗತ್ತೆ ಭಾವ!” ಎಂದು ಭಾವ ಓಡಿಬಂದು ಎತ್ತಿಕೊಂಡು, ಎಲ್ಲಿಡುವುದೆಂದು ತೋಚದೆ ಅಪ್ಪನ ಮಡಿಲಲ್ಲಿಟ್ಟರು.

ಮಾವನ ಬೆರಳು ತಾಗಿತು. ನಿಂತಿತು. ಅಂಗೈ ಪೂರ್ತಿ ಬಿಚ್ಚಿ ಟ್ಯಾಂಕಿನ ಮೈಮೇಲೆ ಒತ್ತಿದರು. ಉಗುರಿನಿಂದ ಟಕಟಕ ಬಡಿದರು.

ಒಳಗಿನಿಂದ ಟಿಕ್ ಎಂದಿತು.

ಬಿಸಿಯಾದ ಪ್ಲಾಸ್ಟಿಕ್ಕು ತಣಿಯುವಾಗ ಸದ್ದು ಮಾಡುತ್ತದೆ. ನಾನು ವ್ಯವಹಾರಸ್ಥ, ನನಗೆ ಗೊತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ. ಮಾವ ನಮಗಲ್ಲದ ಯಾರಿಗೋ ತಲೆಯಾಡಿಸಿದರು. ಟ್ಯಾಂಕಿನ ಮೇಲೆ ಭಾವನ ಕೈ ಇನ್ನೂ ಇತ್ತು. ಅದನ್ನು ತಡಕಿ, ಮಣಿಕಟ್ಟು ಹಿಡಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಮುಟ್ಬೇಡ ಮಗೂ,” ಎಂದರು, ತುಕ್ಕು ಹಿಡಿದ ದನಿಯಲ್ಲಿ. “ಬಿಸಿಲಿಗೆ ಕಾದಿದೆ. ಕೈ ಸುಟ್ಟೋಗತ್ತೆ.”

ಎಲ್ಲ ತರಿಯೂ ಸರಿಯಿತ್ತು, ಮರಳೂ ಸರಿಯಿತ್ತು. ಈ ಚಳಿ ದೇಶದಲ್ಲಿ ನಾವು ಅವರಿಗೆ ಕೊಟ್ಟ ಒಂದು ಟ್ಯಾಂಕೂ ಬೆಚ್ಚಗಿರಲಿಲ್ಲ, ಅಷ್ಟೆ. ತಲೆ ನರೆತ ಭಾವ ಚಿಕ್ಕ ಹುಡುಗನ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡು, “ಹೂಂ ಅಪ್ಪ,” ಎಂದು ಮಫ್ಲರಿನಲ್ಲಿ ಮುಖ ಒರೆಸಿಕೊಂಡರು.

ಅವತ್ತು ನಾನು ಸಂತೆಗೆ ಹೋಗಲಿಲ್ಲ. ಮಡಿಲಲ್ಲಿದ್ದ ಟ್ಯಾಂಕು ಮೆಲ್ಲಗೆ ತಣಿಯುತ್ತಿತ್ತು. ಅದನ್ನು ಎತ್ತಿಕೊಂಡು ಮತ್ತೆ ಹೀಟರಿನ ಮೇಲಿಟ್ಟು, ಕಾಯುವವರೆಗೂ ಅಲ್ಲೇ ಕಾವಲು ನಿಂತೆ.