ಚಿಕ್ಕಪ್ಪನ ಸಂಜೆಯ ಕೂಗು

ಬಂಗಲೆಯಲ್ಲಿ ಟೆಲಿಫೋನ್ ಇಟ್ಟುಕೊಂಡೂ ಸ್ವಂತ ಅಕ್ಕನ ಕ್ಷೇಮ ವಿಚಾರಿಸಲು ನರಿಯ ಹಾಗೆ ಊಳಿಡುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಚಿಕ್ಕಪ್ಪ!

ತೊಂಬತ್ತರ ದಶಕದ ಮಾತು. ಬೆಲ್ಲದ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿ, ಪಾಂಡವಪುರದಾಚೆ ಹೊಸದಾಗಿ ಎದ್ದ ಶ್ರೀಮಂತರ ಬಡಾವಣೆಯಲ್ಲಿ ಚಿಕ್ಕಪ್ಪ ಮನೆ ಕೊಂಡಿದ್ದ. ಗೇಟಿಗೆ ಕಾವಲುಗಾರ, ಒಳಗೆ ಈಜುಕೊಳ, ನೆಲಕ್ಕೆಲ್ಲ ಗ್ರಾನೈಟು. ಸುತ್ತ ಅರಣ್ಯ ಇಲಾಖೆ ಬೇಲಿ ಹಾಕಿ ಕಾಯ್ದಿಟ್ಟ ಹುಲ್ಲುಗಾವಲು. ಅಲ್ಲಿ ಮನೆ ಕಟ್ಟುವಂತಿಲ್ಲ, ಕುರಿ ಮೇಯಿಸುವಂತಿಲ್ಲ, ಕಾಲಿಡುವಂತೆಯೂ ಇಲ್ಲ. ಸಂಜೆಯಾದರೆ ಹುಲ್ಲೆಲ್ಲ ಹೊಂಬಣ್ಣವಾಗಿ, ನವಿಲುಗಳು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದರೆ, ನೋಡುತ್ತ ಕೂತವರಿಗೆ ಎಚ್ಚರವೋ ಕನಸೋ ತಿಳಿಯುತ್ತಿರಲಿಲ್ಲ. ಆ ಹುಲ್ಲಿನಾಚೆಯ ದಿಣ್ಣೆಯ ಮೇಲೆ ಅತ್ತೆಯ ಹಳ್ಳಿ.

ಅತ್ತೆ ಅಂದರೆ ಚಿಕ್ಕಪ್ಪನ ಅಕ್ಕ, ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗೃಹಪ್ರವೇಶದ ದಿನ ಗೇಟಿನಲ್ಲಿ ಕಾವಲುಗಾರ, "ಯಾರಮ್ಮ ನೀನು? ಯಾರ್ನ ನೋಡ್ಬೇಕು?" ಅಂದುಬಿಟ್ಟ.

"ತಮ್ಮನ್ ಮನೆಗ್ ಓಗಾಕೆ ನಿನ್ ಅಪ್ಪಣೆ ಬೇಕೇನ್ಲಾ?" ಎಂದು ಅತ್ತೆ ಅಲ್ಲಿಂದಲೇ ಹಿಂದಿರುಗಿದಳು. "ನಾನ್ ಬಾಗ್ಲಲ್ ಕಾಯ್ತಾ ಇದ್ರೆ ಇಂದಕ್ಕೆ ಓಗ್ಬುಟ್ಲಲ್ಲ!" ಎಂದು ಚಿಕ್ಕಪ್ಪನಿಗೂ ಸಿಟ್ಟು. ಅಂದಿನಿಂದ ಇಬ್ಬರಿಗೂ ಮಾತು ಬಂದ್.

ಮಾತು ಬಂದ್, ಕೂಗು ಬಂದ್ ಅಲ್ಲ! ಹೊತ್ತು ಮುಳುಗುವಾಗ ಚಿಕ್ಕಪ್ಪ ತಾರಸಿ ಹತ್ತಿ, ಚಿಕ್ಕಂದಿನಲ್ಲಿ ಕುರಿ ಕಾಯುತ್ತ ಕೂಗುತ್ತಿದ್ದ ಹಾಗೆ "ಕೂಊಊ" ಎನ್ನುವನು. ಹುಲ್ಲಿನ ಮೇಲೆ ತೇಲಿಕೊಂಡು ಆಚೆಯಿಂದ ಸಣ್ಣದೊಂದು "ಕೂಊ" ಬರುವುದು. ಬಂದರೆ ಅಕ್ಕ ಚೆನ್ನಾಗಿದ್ದಾಳೆ ಎಂದರ್ಥ. ಆಮೇಲೆಯೇ ಅವನ ಗಂಟಲಲ್ಲಿ ಮುದ್ದೆ ಇಳಿಯುವುದು.

ಪಕ್ಕದ ಬಂಗಲೆಯ ಅಮ್ಮನವರು ನರಿ ಬಂದಿದೆ ಎಂದು ದೂರು ಕೊಟ್ಟರು. ಅರಣ್ಯದ ಗಾರ್ಡು ಸಂಜೆಯವರೆಗೆ ಕಾದು ನೋಡಿ, "ನರಿ ಅಲ್ಲ ಕಣಮ್ಮ, ಪಂಚೆ ಉಟ್ಕಂಡೈತೆ" ಎಂದು ಹೊರಟುಹೋದ!

ಬಡಾವಣೆಯ ಸಭೆಯಲ್ಲಿ, "ನಿಮ್ಮ ಅಕ್ಕನ ಊರಿನ ಅಂಗಡಿಗೆ ಫೋನ್ ಮಾಡಿ ಅವರನ್ನು ಕರೆಸಬಾರದೇ?" ಎಂದು ಚಿಕ್ಕಪ್ಪನನ್ನು ಕೇಳಿದರು.

"ಫೋನ್ ಮಾಡಿದ್ರೆ ಮಾತಾಡ್ಬೇಕಾಯ್ತದಲ್ಲ ಸ್ವಾಮಿ! ನಾವು ಮಾತು ಬುಟ್ಟಿದೀವಿ!"

ಸಭೆ ಮುಂದಿನ ವಿಷಯಕ್ಕೆ ಹೋಯಿತು.

ನಾನು ಕಾಲೇಜಿನ ರಜಕ್ಕೆ ಹೋಗಿದ್ದಾಗ ಚಿಕ್ಕಪ್ಪನಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ತಾರಸಿ ಹತ್ತಿ ಬಾಯಿ ತೆರೆದರೆ ಬರೀ ಗಾಳಿ. ನನಗೆ ಕೂಗು ಎಂದು ಸನ್ನೆ ಮಾಡಿದ. ಕೂಗಿದೆ, ಉತ್ತರವಿಲ್ಲ. ಮರುದಿನವೂ ಅಷ್ಟೇ. ಅಕ್ಕನಿಗೆ ಏನಾಯಿತೋ ಎಂದು ಅವನು ಊಟವನ್ನೇ ಬಿಟ್ಟ.

ಅದರ ಮಾರನೆಯ ಸಂಜೆ ಹುಲ್ಲಿನ ನಡುವೆ ಏನೋ ಅಲುಗಿತು. ಅತ್ತೆ! ಯಾರೂ ಕಾಲಿಡಬಾರದ ಆ ಬಯಲನ್ನು ಅಡ್ಡಹಾಯ್ದು, ಸೀರೆ ತುಂಬ ಮುಳ್ಳು ಅಂಟಿಸಿಕೊಂಡು, ಏದುಸಿರು ಬಿಡುತ್ತ ಬೇಲಿಯ ಹತ್ತಿರ ಬಂದು ನಿಂತಳು. ನಾನು ಅಲ್ಲಿಗೆ ಓಡಿದೆ. ಮಾತು ಬಿಟ್ಟಿದ್ದಾಳಲ್ಲ, ನನ್ನನ್ನೇ ಕೇಳಿದಳು: "ಲೇ ಮಗ, ಅವ್ನಿಗೇನಾಯ್ತು ಕೇಳ್ಲಾ. ಯಾವ್ದೋ ಕತ್ತೆ ಕೂಗ್ದಂಗಾಯ್ತು, ಇವ್ನ್ ದನಿ ಇಲ್ಲ. ನನ್ ಜೀವ ಬಾಯಿಗ್ ಬಂದ್ಬುಡ್ತು."

ಚಿಕ್ಕಪ್ಪ ಮಫ್ಲರ್ ಸುತ್ತಿಕೊಂಡೇ ಓಡಿ ಬಂದ. ಬೇಲಿಯ ತಂತಿ ಹಿಡಿದುಕೊಂಡು "ಅಕ್ಕಾ" ಎನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಮತ್ತೆ ತೆರೆದ. ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ.

ಅತ್ತೆ ತಂತಿಯ ಸಂದಿಯಲ್ಲಿ ಕೈ ತೂರಿಸಿ ಅವನ ಗಂಟಲು ಸವರಿದಳು.

"ಕೇಳುಸ್ತು ಬುಡ್ಲಾ," ಅಂದಳು.