ಮೀನಿಗೊಂದು ಮುಷ್ಟಿ ಉಪ್ಪು

ಸಮುದ್ರದ ಮೀನು ಸಾಕುವವನ ಮನೆಯಲ್ಲಿ ಮೀನು ಸುಮ್ಮನಿದ್ದರೂ ಜನ ಸುಮ್ಮನಿರುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಧಾರವಾಡದ ಕಡೆಯಿಂದ ಬಂದವನು. ಹೆಬ್ಬಾಳದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಅವ್ವ, ಹೆಂಡತಿ ಮತ್ತು ಒಂದು ಗಾಜಿನ ತೊಟ್ಟಿ. ನಾವು ಮೀನು ತಿನ್ನುವವರಲ್ಲ, ಸಾಕುವುದು ನನ್ನೊಬ್ಬನ ಹುಚ್ಚು.

ಮೊದಲ ಸಲ ತಂದ ಮೀನುಗಳನ್ನು ಸೀದಾ ತೊಟ್ಟಿಗೆ ಬಿಟ್ಟಿದ್ದೆ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ ಎದ್ದು ಎಲ್ಲವೂ ಹೋದವು. ಹೊಸ ಮೀನನ್ನು ಮೊದಲು ಕೆಲವು ವಾರ ಬೇರೆ ಇಡಬೇಕು, ಆ ನೀರಿನಲ್ಲಿ ಉಪ್ಪು ಸಮುದ್ರದ ಅರ್ಧಕ್ಕೂ ಕಡಿಮೆ ಇರಬೇಕು, ಅದನ್ನು ಮೀನು ತಡೆದುಕೊಳ್ಳುತ್ತದೆ, ಚುಕ್ಕಿಯ ಹುಳು ತಡೆದುಕೊಳ್ಳುವುದಿಲ್ಲ ಎಂದು ಆಮೇಲೆ ಓದಿ ತಿಳಿದೆ. ಎರಡನೇ ಸಲಕ್ಕೆ ಹೆಂಡತಿ ಬಚ್ಚಲಮನೆಯ ದೊಡ್ಡ ಟಬ್ಬು ಬಿಟ್ಟುಕೊಟ್ಟಳು, ಆದರೆ ಷರತ್ತಿನ ಮೇಲೆ.

"ದೀಪಾವಳಿ ನೀರು ತುಂಬೋ ದಿನ ನನ್ನ ಟಬ್ಬು ನನಗ ಬೇಕು. ಅಷ್ಟರಾಗ ಇವೂ ಸತ್ರ ಆ ತೊಟ್ಟಿ ಮಾರಿಬಿಡೋದು. ಮತ್ತ ಮೀನಿನ ಹೆಸರ ಎತ್ತಬಾರ್ದು," ಅಂದಳು.

ಪ್ಲಾಟ್‌ಫಾರಂ ಸ್ನಾನ

ಮಂಗಳೂರಿನ ಗೆಳೆಯ ಕಪ್ಪು ಪಟ್ಟೆಯ ಮೂರು ಮೀನು, ಎರಡು ಕ್ಯಾನು ಸಮುದ್ರದ ನೀರು ಕೊಟ್ಟಿದ್ದ. ಅವನ್ನು ಹೊತ್ತು ಯಶವಂತಪುರದಲ್ಲಿ ರೈಲಿಳಿದರೆ ಟಿಕೆಟ್ ಕಲೆಕ್ಟರ್ ಅಡ್ಡ ಬಂದರು.

"ಏನ್ರೀ ಕ್ಯಾನಲ್ಲಿ?"

"ಸಮುದ್ರದ ನೀರು ಸಾರ್."

"ಎಲ್ಲಾರೂ ಏನಾದ್ರೂ ಒಂದು ಹೇಳ್ತಾರೆ ಬಿಡಿ," ಎಂದು ಮುಚ್ಚಳಕ್ಕೆ ಸುರಿದು ಬಾಯಿಗೆ ಹಾಕಿಕೊಂಡರು. ಪಕ್ಕಕ್ಕೆ ಉಗಿದು, ಇಡೀ ಪ್ಲಾಟ್‌ಫಾರಂಗೆ ಕೇಳುವಂತೆ, "ಸಮುದ್ರದ್ದೇ ಕಣ್ರೀ," ಎಂದರು.

ಅದು ಒಬ್ಬ ಅಜ್ಜಿಯ ಕಿವಿಗೆ ಬಿತ್ತು. "ಸಮುದ್ರದ ನೀರಾ? ಇವತ್ತು ಮಹಾಲಯ ಅಮಾವಾಸ್ಯೆ ಕಣಪ್ಪ. ನನ್ನ ತಲೆ ಮೇಲೂ ಒಂಚೂರು ಹಾಕು." ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಅಜ್ಜಿಯ ಹಿಂದೆ ಸೊಸೆ, ಸೊಸೆಯ ಹಿಂದೆ ಪೋರ್ಟರುಗಳು ನಿಂತರು. ಒಂದು ಕ್ಯಾನು ಪೂರ್ತಿ ಖಾಲಿಯಾಯಿತು. ಕೊನೆಯ ಹನಿಗೆ ಟೋಪಿ ತೆಗೆದು ತಲೆ ಬಗ್ಗಿಸಿದವರು ಟಿಕೆಟ್ ಕಲೆಕ್ಟರೇ.

ಹಾಲು ಗಟ್ಟಿಯಾದದ್ದು

ಉಪ್ಪು ಅಳೆಯಲು ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆ ತಂದಿದ್ದೆ. ನೀರಿನಲ್ಲಿ ಬಿಟ್ಟರೆ ಉಪ್ಪು ಹೆಚ್ಚಿದಷ್ಟೂ ಮೇಲೆದ್ದು ತೇಲುತ್ತದೆ. ಒಡೆದೀತೆಂದು ಹೆಂಡತಿ ಅದನ್ನು ಮುಂಬಾಗಿಲ ಕಿಟಕಿಗೆ ನೇತುಹಾಕಿದ್ದಳು. ಯಲಹಂಕದ ಕಡೆಯಿಂದ ಸೈಕಲ್ಲಿನಲ್ಲಿ ಬರುವ ಹಾಲಿನವನು ಅದನ್ನೇ ನೋಡುತ್ತಾ ನಿಂತ.

"ಏನಕ್ಕಾ ಅದು?"

"ನಮ್ಮವರು ತಂದಾರ. ಅಳತಿ ನೋಡ್ಲಿಕ್ಕೆ," ಅಂದಳು ಹೆಂಡತಿ. ಯಾವುದರ ಅಳತೆ ಅಂತ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಮರುದಿನದಿಂದ ಹಾಲಿನ ಮೇಲೆ ಬೆರಳು ದಪ್ಪ ಕೆನೆ. ಕಾಫಿಯ ಬಣ್ಣವೇ ಬದಲಾಯಿತು. ಕೆಲವು ದಿನ ಕಳೆದ ಮೇಲೆ ಎದುರುಮನೆಯವರು ಬಂದು, "ಏನೂ ಅಳೆಯೋಕಲ್ಲ, ಒಂದು ವಾರ ನಮ್ಮ ಬಾಗಿಲಿಗೆ ನೇತುಹಾಕಿ ಕೊಟ್ಬಿಡ್ತೀವಿ," ಎಂದು ಅದನ್ನು ಎರವಲು ಕೇಳಿದರು.

ಮಾಲೀಕರ ಕಣ್ಣು

ಮನೆ ಮಾಲೀಕರು ಹೆಬ್ಬಾಳದ ಹಳೇ ಊರಿನವರು, ಪಕ್ಕದ ಮನೆಯಲ್ಲೇ ಇದ್ದರು. ನಲ್ಲಿ ರಿಪೇರಿಗೆಂದು ಬಂದವರು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು.

"ಏನ್ ಕಳೆ ಸ್ವಾಮಿ ಇವು! ಉಪ್ಪು ನೀವೇ ಆಕಿದೀರಾ? ಬದುಕಿರೋವಾಗ್ಲೇ?"

ಉಪ್ಪು ಯಾಕೆಂದು ನಾನು ವಿವರವಾಗಿ ಹೇಳಿದೆ. ಅವರು ಕೇಳಿದ್ದು ಅರ್ಧ, ನೋಡಿದ್ದೇ ಹೆಚ್ಚು. ಅಲ್ಲಿಂದ ದಿನಾ ಬರತೊಡಗಿದರು. "ಇಂಗೆ ಸಣ್ಣಕ್ಕಿದ್ರೆ ಏನೂ ಆಗಾಕಿಲ್ಲ. ಇನ್ನೂ ಒಸಿ ಬೆಳೀಲಿ," ಎಂದು ನಾಲಿಗೆ ಚಪ್ಪರಿಸಿ ಏಳುವರು.

ಮೇಲೇರುವ ಉಪ್ಪು

ಆಗ ಶುರುವಾಯಿತು ನನ್ನ ತಲೆನೋವು. ಸಂಜೆ ಸಿಹಿನೀರು ಬೆರೆಸಿ ಉಪ್ಪು ಇಳಿಸಿದರೆ ಬೆಳಿಗ್ಗೆ ಅದು ಮತ್ತೆ ಮೇಲೇರಿರುತ್ತಿತ್ತು. ಕೊಳವೆ ತೊಳೆದೆ, ಕನ್ನಡಕ ಒರೆಸಿದೆ, ನೀರು ಆವಿಯಾಗುತ್ತಿದೆಯೆಂದು ಕಿಟಕಿ ಮುಚ್ಚಿದೆ. ಒಂದು ಮೀನಿನ ರೆಕ್ಕೆಯ ಮೇಲೆ ಚುಕ್ಕಿ ಕಂಡಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೆಂಡತಿ ಆಗಲೇ ತೊಟ್ಟಿಯನ್ನು ಗಿರಾಕಿಯ ಕಣ್ಣಿನಿಂದ ನೋಡುತ್ತಿದ್ದಳು.

ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಬಚ್ಚಲಮನೆಗೆ ಹೋದರೆ ಅಲ್ಲಿ ಅವ್ವ. ಟಬ್ಬಿನ ಮೇಲೆ ಕೈ ನಿವಾಳಿಸಿ ಮುಷ್ಟಿಯಲ್ಲಿದ್ದ ಉಪ್ಪನ್ನು ನೀರಿಗೇ ಬಿಟ್ಟಳು. ಆಮೇಲೆ ಇನ್ನೊಂದು ಮುಷ್ಟಿ, ಮತ್ತೊಂದು ಮುಷ್ಟಿ.

"ಅವ್ವಾ, ಏನ್ ಮಾಡಾಕತ್ತೀ?"

"ಆ ಮಾಲಕ್ರು ನೋಡೋ ಪರಿ ನೋಡೀಯೇನು? ದೃಷ್ಟಿ ತಾಗೇದ. ಮೀನಿಗೊಂದು ಮುಷ್ಟಿ ತೆಗೀತೀನಿ. ದೃಷ್ಟಿ ಉಪ್ಪು ನೀರಾಗ ಕರಗಬೇಕಲ್ಲ, ಇಷ್ಟೊಂದು ನೀರು ಮುಂದs ಇತ್ತು."

ಕೈಮುಗಿದು ಬೇಡಿಕೊಂಡ ಮೇಲೆ ಅವ್ವ ಬಕೆಟ್ಟಿಗೆ ಬದಲಾಯಿಸಿದಳು. ಉಪ್ಪು ಇಳಿಯಿತು, ಚುಕ್ಕಿ ಹೋಯಿತು, ವಾರಗಳು ಕಳೆದವು. ಇನ್ನು ಮೀನು ತೊಟ್ಟಿಗೆ ಹೋಗುವ ಮೊದಲು ಉಪ್ಪನ್ನು ದಿನಕ್ಕಿಷ್ಟೆಂದು ನಿಧಾನವಾಗಿ ಏರಿಸಬೇಕು. ಉಪ್ಪಿನ ಭರಣಿ ಎತ್ತಿಕೊಂಡೆ. ಅವ್ವ ಕಸಿದುಕೊಂಡಳು.

"ನೀ ಮುಟ್ಟಬ್ಯಾಡ. ಹಿಂದಿನವು ನಿನ್ನ ಕೈಯಾಗs ಹೋಗ್ಯಾವ."

ಲೆಕ್ಕ ಹಾಕಿ ನೋಡಿದರೆ ದಿನಕ್ಕೆ ಮೂರು ಮುಷ್ಟಿಯೇ ಸಾಕಿತ್ತು. "ಹಂಗಾರ ದೃಷ್ಟಿ ಉಪ್ಪು ಟಬ್ಬಿಗೇ ಹಾಕವ್ವ," ಅಂದೆ. ಮಾಲೀಕರು ದಿನಾ ಬಂದು ನೋಡುವರು, ಅವ್ವ ದಿನಾ ತೆಗೆಯುವಳು, ಕೊಳವೆ ದಿನಾ ಇಷ್ಟಿಷ್ಟೇ ಮೇಲೇಳುವುದು. ಇಷ್ಟು ಚೆನ್ನಾಗಿ ನಮ್ಮ ಕಾರ್ಖಾನೆಯೂ ನಡೆದಿರಲಿಲ್ಲ.

ನೀರು ತುಂಬುವ ಹಬ್ಬ ಹತ್ತಿರವಾದಾಗ ಮಾಲೀಕರು ಚಿಕ್ಕಜಾಲದ ನೆಂಟರ ಮನೆಗೆ ಹೋಗಿಬಿಟ್ಟರು. ಅವ್ವ ಭರಣಿ ಮುಚ್ಚಿಟ್ಟಳು. "ಯಾರೂ ನೋಡಿಲ್ಲ. ದೃಷ್ಟಿ ಯಾರದು ತೆಗೀಲಿ?" ಅಂದಳು. ಕೊಳವೆ ನಿಂತಲ್ಲೇ ನಿಂತಿತು. ಹೆಂಡತಿ ಟಬ್ಬು ತಿಕ್ಕಲು ತೆಂಗಿನ ನಾರು ತೆಗೆದಿಟ್ಟಳು.

ಹಬ್ಬದ ಹಿಂದಿನ ದಿನ ಮಾಲೀಕರು ಬಸ್ಸಿಳಿದದ್ದೇ ತಡ, ನಾನು ಅವರ ಬಾಗಿಲಲ್ಲಿದ್ದೆ. "ದಯವಿಟ್ಟು ಬಂದು ನಮ್ಮ ಮೀನು ಒಂದು ಸಲ ನೋಡಿ ಹೋಗಿ."

ಅವರು ಪಂಚೆ ಎತ್ತಿ ಕಟ್ಟಿ ಒಳಗೆ ಕೂಗಿದರು: "ಲೇ, ಮಸಾಲೆ ಅರಿ. ಸ್ವಾಮಿಗಳ ಮೀನು ರೆಡಿ ಆಗೈತಂತೆ."

ಅದು ಗೋಡೆಯಾಚೆ ಅವ್ವನಿಗೆ ಕೇಳಿಸಿತು. ಆ ಸಂಜೆ ಮೀನಿಗೆ ಎರಡೆರಡು ಮುಷ್ಟಿ ಬಿತ್ತು, ಬಾಕಿಯಿದ್ದ ಉಪ್ಪೂ ಸರಿಹೋಯಿತು. ಬೆಳಿಗ್ಗೆ ಮೂರೂ ಮೀನು ತೊಟ್ಟಿಗೆ, ಟಬ್ಬು ಹೆಂಡತಿಗೆ. ಅವಳು ಮಾರುವ ಮಾತು ಎತ್ತಲಿಲ್ಲ. ನನಗಾದ ಸಂತೋಷ ಹೇಳತೀರದು.

ಬೇಜಾರಾದದ್ದು ಮಾಲೀಕರೊಬ್ಬರಿಗೇ. ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತು, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಮುಂದಿನ ಸಲ ಒಸಿ ದೊಡ್ಡ ಜಾತೀದು ತರ್ಸಿ ಸ್ವಾಮಿ. ಉಪ್ಪು ಎಂಗೂ ನಿಮ್ ತಾಯೋರು ಆಕ್ತಾರೆ."