ಹಾರಿಹೋದ ಒಂಬತ್ತು ನೀರು

ಇದನ್ನು ಬರೆಯಲು ನಾನು ಕೂತದ್ದು ಇದೇ ಮೊದಲ ಸಲವಲ್ಲ. ಕೂರುತ್ತೇನೆ, ಪೆನ್ನಿನ ಟೋಪಿ ತೆಗೆಯುತ್ತೇನೆ, ಅಷ್ಟರಲ್ಲಿ ಹಿತ್ತಲಲ್ಲಿ ಏನೋ ಸದ್ದಾದಂತಾಗಿ ಎದ್ದು ಹೋಗುತ್ತೇನೆ. ನಮ್ಮ ಹಿತ್ತಲಲ್ಲಿ ಸದ್ದು ಮಾಡುವಂಥದ್ದು ಏನೂ ಇಲ್ಲ! ಒಂದು ನುಗ್ಗೆ ಗಿಡ ಇದೆ, ಅದು ಪಾಪ ಸುಮ್ಮನೆ ನಿಂತಿರುತ್ತದೆ. ಹೀಗೆ ಎದ್ದು ಹೋಗಿ ಹೋಗಿ ವರ್ಷಗಳೇ ಕಳೆದವು. ಇವತ್ತು ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತಿದ್ದೇನೆ.

ನಗುವ ಭಾಗವನ್ನು ಮೊದಲು ಹೇಳುತ್ತೇನೆ. ಅದು ಸುಲಭ. ಊಟದ ಪಂಕ್ತಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಪಲ್ಯ ಎಷ್ಟನೆಯ ತಾಟಿಗೆ ಮುಗಿಯುತ್ತದೆಂದು ಹೇಳಬಲ್ಲವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಅಡುಗೆಯವರಲ್ಲ, ಜ್ಯೋತಿಷಿಯೂ ಅಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತೇವೆ. ಹೆಸರು ಮಾತ್ರ ಕೇಳಬೇಡಿ. ಅದನ್ನು ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಕೊನೆಯವರೆಗೆ ಓದಿ ನೀವೇ ಹೇಳಿ.

ಶಾಲೆ ಇದ್ದದ್ದು ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ನಾನು ಅಲ್ಲಿ ಸಿಪಾಯಿ. ಎಸ್ಸೆಸ್ಸೆಲ್ಸಿ ಪಾಸಾದವನು, ಅದೂ ಎರಡನೆಯ ಏಟಿಗೆ. ಘಂಟೆ ಹೊಡೆಯುವುದು, ಚಹಾ ತರುವುದು, ‘ಪ್ರಯೋಗಶಾಲೆ’ ಎಂದು ಬೋರ್ಡು ತಗುಲಿಸಿದ ತಗಡಿನ ಕೋಣೆಯ ಕೀಲಿ ಕಾಯುವುದು, ಇವು ನನ್ನ ಕೆಲಸ. ನೌಕರಿ ಪರ್ಮನೆಂಟ್ ಆಗಿರಲಿಲ್ಲ. ದಿನಗೂಲಿ. ಇವತ್ತು ಬಾ ಎಂದರೆ ಬರಬೇಕು, ನಾಳೆ ಬರಬೇಡ ಎಂದರೆ ಮನೆಯಲ್ಲಿರಬೇಕು.

ಅಕ್ಕೋರ ಜಗತ್ತಿನಲ್ಲಿ ಎಲ್ಲದಕ್ಕೂ ಎರಡು ಕಡೆ, ನಡುವೆ ಒಂದು ಬಾಣದ ಗುರುತು. ಎಡಗಡೆ ಹೋದದ್ದೆಲ್ಲ ಬಲಗಡೆ ಬರಲೇಬೇಕು. ಒಂದು ಅಣು ಕಡಿಮೆಯಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ! ಒಮ್ಮೆ ಒಬ್ಬ ಹುಡುಗ ಬೋರ್ಡಿನ ಮೇಲೆ ಸಮೀಕರಣ ಸರಿದೂಗಿಸಲು ಹೋದ. ಆಮ್ಲಜನಕ ಒಂದು ಕಡಿಮೆ ಬಿತ್ತು. ಅವನೇನು ಮಾಡಿದ? ನೀರಿನ ‘ಎಚ್‌ಟೂಓ’ದ ಕೊನೆಗೆ ಸಣ್ಣದಾಗಿ ಇನ್ನೊಂದು ಎರಡು ಬರೆದು ಕೈ ತೊಳೆದುಕೊಂಡ.

“ಏ ರಾಜಾ, ಇದನ್ನ ಕುಡೀತಿಯೇನಲೇ?” ಎಂದರು ಅಕ್ಕೋರು.

“ನೀರಲ್ರಿ ಟೀಚರ್?”

“ನೀರಿತ್ತು. ನೀ ಕೈ ಹಚ್ಚಿದ ಮ್ಯಾಲೆ ಗಾಯ ತೊಳಿಯೋ ಔಷಧ ಆತು. ಲೇ, ನಿಮ್ಮಪ್ಪ ಸಂತಿಗೆ ಹೋಗ್ಯಾನ, ಎಂಟು ಕಾಲು ಬೇಕಾಗ್ಯಾವ. ಇನ್ನೊಂದು ಆಡು ತರತಾನೋ, ಇದ್ದ ಆಡಿಗೇ ಮತ್ತ ನಾಕು ಕಾಲು ಹೊಲೀತಾನೋ?”

ಇಡೀ ತರಗತಿ ನಕ್ಕಿತು. ಕಿಟಕಿಯ ಹೊರಗೆ ನಿಂತಿದ್ದ ನಾನೂ ನಕ್ಕೆ. ಸೂತ್ರದ ಮುಂದೆ ಬರೆದ ಸಂಖ್ಯೆ ಬದಲಿಸಬಹುದು, ಅಕ್ಷರದ ಕೆಳಗಿನ ಸಂಖ್ಯೆ ಮುಟ್ಟಬಾರದು. ನಾನು ಓದುವಾಗ ಎರಡು ವರ್ಷ ತಲೆಗೆ ಹೋಗದ್ದು ಸಂತೆಯ ಆಡಿನ ಮೇಲೆ ಕೂತು ಒಂದು ನಿಮಿಷದಲ್ಲಿ ಬಂದಿಳಿಯಿತು! ಅಂದಿನಿಂದ ಅವರ ತಾಸಿನಲ್ಲಿ ಆ ಕಿಟಕಿಯ ಧೂಳು ಒರೆಸುವ ಕೆಲಸ ನನಗೆ ತಪ್ಪದೆ ಬರುತ್ತಿತ್ತು. ಜಿಲ್ಲೆಯಲ್ಲೇ ಅಷ್ಟು ಸ್ವಚ್ಛವಾದ ಕಿಟಕಿ ಇನ್ನೊಂದು ಇದ್ದಿರಲಾರದು.

ಇನ್ನು ಪಲ್ಯದ ಕಥೆ. ನಮ್ಮ ಡ್ರಿಲ್ ಮಾಸ್ತರರ ಮನೆಯಲ್ಲಿ ತೊಟ್ಟಿಲ ಕಾರ್ಯ. ಅಕ್ಕೋರು ಮಗುವಿನ ಮುಖ ನೋಡುವ ಮೊದಲು ಅಡುಗೆಮನೆಗೆ ಹೋಗಿ ಬಂದರು. ನನ್ನನ್ನು ಪಕ್ಕಕ್ಕೆ ಕರೆದರು.

“ಅಣ್ಣಾರ, ತಾಟಿಗೆ ಎರಡು ರೊಟ್ಟಿ, ಎರಡು ಎಣಗಾಯಿ. ರೊಟ್ಟಿ ಇನ್ನೂರು ಅದಾವ, ನೂರು ಮಂದಿಗೆ ಸಾಕು. ಬದನಿಕಾಯಿ ನೂರೈವತ್ತು. ಎಪ್ಪತ್ತಾರನೇ ತಾಟಿಗೆ ಬರೇ ರೊಟ್ಟಿ. ಯಾವುದು ಮೊದಲ ಮುಗೀತದೋ ಅದರ ಮಾತೇ ನಡೀತದ. ಉಳಿದದ್ದು ಎಷ್ಟಿದ್ರೂ ಸುಮ್ನ ಕುಂದರಬೇಕು.”

ಅಡುಗೆಯವಳು ಕೇಳಿಸಿಕೊಂಡು ಸೌಟು ಕುಕ್ಕಿದಳು. “ಯವ್ವಾ, ಉಣ್ಣಾಕ ಬಂದೀರೋ ಎಣಸಾಕ ಬಂದೀರೋ!”

ಎಪ್ಪತ್ತೈದು ತಾಟಿಗೆ ಎಣಗಾಯಿ ಬಿತ್ತು. ಪಾತ್ರೆಯ ತಳ ಕಂಡಿತು. ಎಪ್ಪತ್ತಾರನೆಯ ತಾಟು ಯಾರದು? ನನ್ನದೇ! ಒಣ ರೊಟ್ಟಿ ಮುರಿಯುತ್ತ ತಲೆ ಎತ್ತಿದರೆ ಅಕ್ಕೋರು ಎದುರಿಗೆ. “ನಿಮಗೊಬ್ಬರಿಗೇ ಹೇಳಿದ್ದೆ. ಆದ್ರೂ ಕೊನೀಗೇ ಕುಂತೀರಲ್ರಿ ಅಣ್ಣಾರ!” ಎಂದು, ತಮ್ಮ ತಾಟಿನಿಂದ ಎತ್ತಿಟ್ಟಿದ್ದ ಒಂದು ಬದನೆಕಾಯಿಯನ್ನು ನನಗೆ ಬಡಿಸಿದರು.

ಬಸ್‌ಸ್ಟ್ಯಾಂಡಿನ ಭಜಿ ಚಾಚಾನನ್ನೂ ಅವರು ಬಿಡಲಿಲ್ಲ. ಸೇರು ಹಿಟ್ಟಿಗೆ ಸೋಡಾ ಎಷ್ಟು ಹಾಕ್ತೀರಿ ಎಂದು ಕೇಳಿದರು. ಚಾಚಾ ಐದು ಬೆರಳು ಕೂಡಿಸಿ ತೋರಿಸಿದ. “ಹಾತ್ ಕಾ ಅಂದಾಜ್ ಹೈ ಅಕ್ಕಾ!”

“ನಿಮ್ಮ ಕೈ ಅಂದಾಜು ಸೋಡಾಕ್ಕ ಗೊತ್ತಿರತದೇನ್ರಿ ಚಾಚಾ?”

ಮರುದಿನ ತಕ್ಕಡಿಯಲ್ಲಿ ತೂಗಿ ಕಟ್ಟಿದ ಹತ್ತು ಚೀಟಿ ಸೋಡಾ ತಂದುಕೊಟ್ಟರು. ಚಾಚಾ ಮರ್ಯಾದೆಗೆ ಬಿದ್ದು ವಾರವಿಡೀ ಹಾಕಿದ. ಭಜಿ ಒಂದೇ ಅಳತೆಗೆ ಉಬ್ಬಿ, ಸಮವಸ್ತ್ರ ತೊಟ್ಟ ಮಕ್ಕಳಂತೆ ಸಾಲಾಗಿ ಕೂತವು. ಗಿರಾಕಿಗಳು ಮಾತ್ರ, “ಏನ್ ಚಾಚಾ, ಭಜಿ ಶಾಣ್ಯಾ ಆಗ್ಯಾವ, ರುಚಿ ಹೋಗ್ಯಾದ” ಎಂದರು!

ಅಕ್ಕೋರ ಇನ್ನೊಂದು ವಿಶೇಷವೆಂದರೆ ಸೀರೆ. ಬಾರಾ ತಿಂಗಳೂ ಬಿಳಿ ಕಾಟನ್ ಸೀರೆ, ಗಂಜಿ ಹಾಕಿದ್ದು. ಆಸಿಡ್ಡಿನ ಹನಿ ಬಿದ್ದರೆ ಬಣ್ಣದ ಸೀರೆಯ ಮೇಲೆ ಕಲೆ ಎದ್ದು ಕಾಣುತ್ತದೆ, ಬಿಳಿಯ ಮೇಲೆ ಕಾಣುವುದಿಲ್ಲ ಎಂಬುದು ಅವರ ಲೆಕ್ಕ. ಸೆರಗಿನ ತುಂಬ ಸಣ್ಣ ಸಣ್ಣ ತೂತು. ಆದರೂ ಅದು ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ನಾಲಿಗೆ ಎಡವಿದ್ದು ಆ ಬಿಳುಪಿನ ಮೇಲೆಯೇ.

ಪ್ರಯೋಗಶಾಲೆಗೆ ಬಟ್ಟೆ ಬೆಳ್ಳಗೆ ಮಾಡುವ ವಾಷಿಂಗ್ ಸೋಡಾ ಒಂದು ಕಿಲೋ ಬಂದಿತ್ತು. ಕಲ್ಲುಸಕ್ಕರೆಯಂಥ ಹರಳು. ಬಿಗಿ ಮುಚ್ಚಳದ ದಪ್ಪ ಗಾಜಿನ ಭರಣಿಯಲ್ಲಿ ಇಟ್ಟಿದ್ದರು. ಬೇಸಿಗೆ ರಜೆ ಬಂತು. ನನ್ನ ಹೆಂಡತಿ ಮಾವಿನಕಾಯಿ ಕೊಚ್ಚಿಟ್ಟುಕೊಂಡು, “ಉಪ್ಪಿನಕಾಯಿ ಹಾಕಾಕ ಒಂದು ಚಲೋ ಭರಣಿ ತರಾಕ ಆಗಲ್ದ ಗಂಡಸು ನೀವು” ಎಂದಳು. ಗಂಡಸುತನದ ಪ್ರಶ್ನೆ! ಸೋಡಾವನ್ನು ಒಂದು ಹಳೆಯ ಬಿಸ್ಕೀಟಿನ ಡಬ್ಬಿಗೆ ಸುರಿದೆ. ಅದರ ಮುಚ್ಚಳ ಸೊಟ್ಟಗಾಗಿತ್ತು, ಕೂರಲಿಲ್ಲ. ಮೇಲೆ ಹಾಗೇ ಇಟ್ಟೆ. ಭರಣಿ ಚೆನ್ನಾಗಿ ತೊಳೆದು ಮನೆಗೆ ಒಯ್ದೆ. ಸೋಡಾದ ಒಂದು ಹರಳನ್ನೂ ನಾನು ಮುಟ್ಟಲಿಲ್ಲ, ಇದು ಸತ್ಯ.

ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು, ತಗಡಿನ ಕೋಣೆ. ಜೂನಿನಲ್ಲಿ ಶಾಲೆ ತೆರೆದಾಗ ಸಾಮಾನು ತಪಾಸಣೆ ನಡೆಯಿತು. ಡಬ್ಬಿಯಲ್ಲಿ ಹರಳಿನ ಬದಲು ಬಿಳಿ ಪುಡಿ ಇತ್ತು. ತೂಗಿದರೆ ನಾನೂರ ಮೂವತ್ತನಾಲ್ಕು ಗ್ರಾಂ! ಅರ್ಧಕ್ಕಿಂತ ಹೆಚ್ಚು ಮಾಯ.

ಹೆಡ್‌ಮಾಸ್ತರರು ಇತಿಹಾಸದವರು. ಅವರಿಗೆ ಕಳವು, ದಾಳಿ, ಲೂಟಿ ಇವು ಬೇಗ ತಿಳಿಯುತ್ತಿದ್ದವು. “ಉಳಿದದ್ದು ಎಲ್ಲಿ ಹೋತು?” ಎಂದು ನನ್ನ ಮುಖ ನೋಡಿದರು. ಎಲ್ಲ ಮಾಸ್ತರರೂ ನೋಡಿದರು. ಭರಣಿ ಒಯ್ದದ್ದು ಗೊತ್ತಾದರೆ ನೌಕರಿ ಅಲ್ಲಿಗೇ ಮುಗಿಯಿತು, ಮನೆಯಲ್ಲಿ ಅಂಬೆಗಾಲಿಡುವ ಮಗಳು ಬೇರೆ. ಆ ಹೆದರಿಕೆಯಲ್ಲೇ ಒಂದು ಜೋಕು ಹೊಳೆಯಿತು.

“ಕೀಲಿ ಎರಡು ಅದಾವ್ರಿ ಸರ್. ಒಂದು ನನ್ನ ಕಡೆ, ಒಂದು ಅಕ್ಕೋರ ಕಡೆ. ನಾ ಅಂತೂ ಬಿಳಿ ಅರಿವಿ ಉಡಂಗಿಲ್ರಿ.”

ಎಲ್ಲರೂ ನಕ್ಕರು. ನನ್ನ ಜೀವನದಲ್ಲಿ ನಾನು ಹೇಳಿದ ಜೋಕುಗಳಲ್ಲಿ ಅಷ್ಟು ಮಂದಿ ನಕ್ಕದ್ದು ಅದೊಂದಕ್ಕೇ. ಅಕ್ಕೋರು ನಗಲಿಲ್ಲ. ಬಿಸ್ಕೀಟಿನ ಡಬ್ಬಿಯನ್ನು ಒಮ್ಮೆ ನೋಡಿದರು. ಆಮೇಲೆ ತಮ್ಮ ಸೆರಗು ನೋಡಿಕೊಂಡರು.

“ಸರ್, ಹರಳಿನೊಳಗಿನ ನೀರು ಹಾರಿ ಹೋಗ್ಯಾದ್ರಿ,” ಎಂದರು.

“ಏನವ್ವಾ, ಹರಳು ಒಣಗಿದ್ದೇ ಇತ್ತಲ್ಲ! ಒಣಗಿದ್ದರಾಗ ನೀರೆಲ್ಲಿಂದ ಬಂತು?” ಎಂದರು ಹೆಡ್‌ಮಾಸ್ತರರು.

ಮರುದಿನ ಅವರು ಅದೇ ಬಿಳಿ ಸೀರೆ ಉಟ್ಟು ಬಂದು ಹತ್ತನೆಯ ತರಗತಿಗೆ ಒಂದು ಲೆಕ್ಕ ಕೊಟ್ಟರು. ನಾನು ಕಿಟಕಿಯಲ್ಲಿದ್ದೆ.

“ವಾಷಿಂಗ್ ಸೋಡಾ ಹರಳು ಒಂದು ಮೋಲ್ ಅಂದ್ರ ಇನ್ನೂರ ಎಂಬತ್ತಾರು ಗ್ರಾಂ. ಅದರಾಗ ಹತ್ತು ನೀರು ಬಚ್ಚಿಟ್ಟುಕೊಂಡು ಕುಂತಿರತಾವ. ಒಣ ಗಾಳಿ ಹತ್ತಿದ್ರ ಒಂಬತ್ತು ಹಾರತಾವ. ಒಂದೊಂದು ಹದಿನೆಂಟು. ಎಷ್ಟು ಹೋತು?”

“ನೂರ ಅರವತ್ತೆರಡು, ಟೀಚರ್.”

“ಉಳಿದದ್ದು?”

“ನೂರ ಇಪ್ಪತ್ನಾಕು.”

“ಇನ್ನೂರ ಎಂಬತ್ತಾರಕ್ಕ ನೂರ ಇಪ್ಪತ್ನಾಕು ಉಳಿದ್ರ, ಸಾವಿರಕ್ಕ ಎಷ್ಟು?”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ನಾನೂರ ಮೂವತ್ಮೂರು ಪಾಯಿಂಟ್ ಐದೇಳು. ಹತ್ತಿರಕ್ಕ ಹಿಡದ್ರ ನಾನೂರ ಮೂವತ್ನಾಕು, ಟೀಚರ್.”

ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು.

“ಮುಚ್ಚಳ ಬಿಗಿ ಇದ್ದಿದ್ರ?” ಎಂದು ಅಕ್ಕೋರು ಕೇಳಿದರು.

“ಹೋಗ್ತಿರಲಿಲ್ರಿ!” ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಅಕ್ಕೋರು ಕಿಟಕಿಯ ಕಡೆಗೆ ತಿರುಗಲಿಲ್ಲ. ತಿರುಗಿದ್ದರೆ ಬಹುಶಃ ನಾನು ಅಲ್ಲೇ ಬಾಯಿಬಿಡುತ್ತಿದ್ದೆ. ಈಗ ಹೀಗೆನ್ನುವುದು ಸುಲಭ.

ಬಾಯಿ ಬಿಡಲಿಲ್ಲ. ಊರಿನಲ್ಲಿ ಅವರಿಗೆ ‘ಸೋಡಾ ಅಕ್ಕೋರು’ ಎಂದು ಹೆಸರು ಬಿತ್ತು. ಅವರು ನಡೆದು ಬರುವಾಗ ಕಟ್ಟೆಯ ಮೇಲಿನವರು, “ಇವತ್ತ ಸೀರಿ ಜರಾ ಜಾಸ್ತಿನೇ ಬೆಳ್ಳಗದ” ಎನ್ನುತ್ತಿದ್ದರು. ಲೆಕ್ಕ ತಪ್ಪದ ಹೆಂಗಸಿಗೆ ಕಳ್ಳಿಯ ಹೆಸರು! ಅದು ನನ್ನ ಜೋಕಿನ ಮರಿ ಎಂಬುದು ನನಗೆ ಗೊತ್ತಿತ್ತು. ದೀಪಾವಳಿಯ ಹೊತ್ತಿಗೆ ಅವರಿಗೆ ಅಫಜಲಪುರದ ಕಡೆ ಬದಲಿಯಾಯಿತು. ಅವರ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದವನು ನಾನೇ. ಹೇಳಿಬಿಡಬೇಕೆಂದು ಕಿಟಕಿಯ ಹತ್ತಿರ ಹೋದೆ. “ಸೀಟು ಸಿಕ್ತೇನ್ರಿ ಅಕ್ಕೋರ?” ಎಂದೆ. ಸಿಕ್ಕಿತು ಎಂದರು. ಬಸ್ಸು ಹೋಯಿತು.

ಅದೇ ವರ್ಷ ನನ್ನ ನೌಕರಿ ಪರ್ಮನೆಂಟ್ ಆಯಿತು. ಊರಿಗೆಲ್ಲ ಪೇಢಾ ಹಂಚಿದೆ.

ನಾನು ನಿವೃತ್ತನಾಗುವ ವಾರ, ಹಳೆಯ ಕಡತಗಳನ್ನು ಬೇರ್ಪಡಿಸಿ ಸುಡಲು ಹೇಳಿದರು. ಒಂದರಲ್ಲಿ ಅಕ್ಕೋರ ಕೈಬರಹ ಕಂಡಿತು. ಹೆಡ್‌ಮಾಸ್ತರರ ನೋಟೀಸಿಗೆ ಅವರು ಕೊಟ್ಟ ಉತ್ತರ. ಮೊದಲ ಅರ್ಧ ಪುಟ ಸಮೀಕರಣ, ಎರಡೂ ಕಡೆ ಸರಿದೂಗಿಸಿದ್ದು. ಅದರ ಕೆಳಗೆ ಹೀಗೆ ಇತ್ತು: “ಭರಣಿ ಬದಲಿಸಿ, ಡಬ್ಬಿಯ ಮುಚ್ಚಳ ಸಡಿಲ ಬಿಟ್ಟದ್ದು ನನ್ನ ಅಜಾಗರೂಕತೆ. ಇದರಲ್ಲಿ ಸಿಪಾಯಿಯವರ ಸಂಬಂಧ ಏನೂ ಇಲ್ಲ.” ಆ ಕಾಗದದ ತಾರೀಖಿನಿಂದ ಹತ್ತೇ ದಿನಕ್ಕೆ ನನ್ನ ಪರ್ಮನೆಂಟ್ ಆದೇಶದ ತಾರೀಖು.

ಕಾಗದವನ್ನು ಮನೆಗೆ ತಂದು ಹೆಂಡತಿಗೆ ಓದಿ ಹೇಳಿದೆ. ಅವಳು ಕಾಗದವನ್ನು ಮಡಿಸಿ ನನ್ನ ಜೇಬಿಗಿಟ್ಟಳು. ಆಮೇಲೆ, “ಇನ್ನಾ ಯಾಕ ಕುಂತೀರಿ? ಹೋಗಿ ಕಾಲಿಗೆ ಬಿದ್ದು ಬರ್ರಿ” ಎಂದಳು.

ಅಕ್ಕೋರು ನಿವೃತ್ತರಾಗಿ ತಮ್ಮ ಊರು ಆಳಂದದಲ್ಲಿದ್ದರು. ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರೇ, “ಅಣ್ಣಾರ! ಬರ್ರಿ ಬರ್ರಿ, ಕುಂದರ್ರಿ” ಎಂದರು. ಕೂದಲೂ ಸೀರೆಯಷ್ಟೇ ಬೆಳ್ಳಗಾಗಿತ್ತು. ಚಹಾ ಕೊಟ್ಟು, “ಏನ್ ಈ ಕಡಿ ಬಂದ್ರಿ?” ಎಂದು ಕೇಳಿದರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆದರೆ ಬಾಯಿಂದ ಬಂದದ್ದು, “ತೊಗರಿ ಧಾರಣಿ ಕೇಳಿ ಹೋಗಮಂತ ಬಂದಿದ್ನಿರಿ.”

ನನಗೆ ಹೊಲವಿಲ್ಲ. ಅದು ಅವರಿಗೂ ಗೊತ್ತು. ಆದರೂ ಗಂಭೀರವಾಗಿ ತಲೆಯಾಡಿಸಿದರು. ಇಬ್ಬರೂ ಚಹಾ ಕುಡಿದೆವು. ಅವರು ಬಸಿ ಕೆಳಗಿಟ್ಟು ಕೇಳಿದರು.

“ನಾ ಅಲ್ಲಿದ್ದಾಗ ನಿಮ್ಮ ಹುಡುಗಿ ಇನ್ನಾ ಅಂಬೆಗಾಲು ಇಡತಿದ್ಳು. ಏನ್ ಮಾಡ್ತಾಳ ಈಗ?”

“ಪರ್ಮನೆಂಟ್ ಪಗಾರದಾಗ ಓದಿಸಿದ್ನಿರಿ. ನರ್ಸ್ ಆಗ್ಯಾಳ್ರಿ ಅಕ್ಕೋರ. ದವಾಖಾನ್ಯಾಗ ಅದಾಳ.”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಇನ್ನೊಮ್ಮೆ ಹೇಳ್ರಿ” ಎಂದರು.

ಕಿವಿ ಮಂದವಾಗಿರಬೇಕೆಂದು ನಾನು ಜೋರಾಗಿ ಹೇಳಿದೆ.

“ಕೇಳಿಸ್ತರಿ, ಕೇಳಿಸ್ತು,” ಎಂದು ಕೈ ಎತ್ತಿದರು ಅಕ್ಕೋರು. “ಸುಮ್ನ ಇನ್ನೊಮ್ಮೆ ಹೇಳ್ರಿ.”

ಹೇಳಿದೆ. ಅದೊಂದನ್ನೇ ಹೇಳಿ, ಎದ್ದು ಬಂದೆ.